ಚಾ-ಕಾಫಿಯೋ, ಚಾ-ಸಕ್ಕರೆಯೋ?

ಎಕನಾಮಿಕ್ಸಿನ ಮೊದಲ ಪಾಠಗಳಲ್ಲೇ ನಮಗೆ ಎರಡು ಬಗೆಯ ಸರಕುಗಳ ವಿಷಯ ಹೇಳಿಕೊಡುತ್ತಾರೆ. ಒಂದು ಬದಲಿ ಸರಕು. ಚಾ ತುಟ್ಟಿಯಾದರೆ ಜನ ಕಾಫಿಗೆ ಹೋಗುತ್ತಾರೆ. ಇನ್ನೊಂದು ಪೂರಕ ಸರಕು. ಚಾ ಕುಡಿಯುವವರು ಹೆಚ್ಚಾದರೆ ಸಕ್ಕರೆಯ ಖರ್ಚೂ ಹೆಚ್ಚುತ್ತದೆ. ಇಷ್ಟು ಬರೆದರೆ ಪರೀಕ್ಷೆಯಲ್ಲಿ ಎರಡು ಮಾರ್ಕು ಗ್ಯಾರಂಟಿ. ಆದರೆ ಪುಸ್ತಕ ಮತ್ತು ಸಿನೆಮಾ ಇವೆರಡರಲ್ಲಿ ಯಾವ ಜಾತಿಗೆ ಸೇರಿದವು ಅಂತ ಯಾವ ಪ್ರಶ್ನೆಪತ್ರಿಕೆಯಲ್ಲೂ ಕೇಳುವುದಿಲ್ಲ. ಈಗ ಆ ಪ್ರಶ್ನೆ ನಮ್ಮ ಸಂಘದಲ್ಲೇ ಎದ್ದು ನಿಂತಿದೆ.

ವಿಷಯ ನಿಮಗೆಲ್ಲ ಗೊತ್ತಿರುವುದೇ. ಸಂಘದ ಪುಸ್ತಕದ ಕಪಾಟನ್ನು ಯಾರೂ ತೆಗೆಯುವುದಿಲ್ಲ, ಅದನ್ನು ಯಾವುದಾದರೂ ಲೈಬ್ರರಿಗೆ ದಾನ ಮಾಡೋಣ, ಈ ವರ್ಷದ ಹಣವನ್ನೆಲ್ಲ ಸಿನೆಮಾ ತೋರಿಸುವುದಕ್ಕೆ ಹಾಕೋಣ ಎಂಬ ಸೂಚನೆಯೊಂದು ಕಾರ್ಯಕಾರಿ ಸಮಿತಿಯ ಮುಂದಿದೆ. ಮುಂದಿನ ಸಭೆಯಲ್ಲಿ ಕೈ ಎತ್ತಿಸುತ್ತಾರಂತೆ. ಕೈ ಎತ್ತುವ ಮೊದಲು ನಾಲ್ಕು ಮಾತು ಹೇಳೋಣ ಅಂತ ಈ ಲೇಖನ. ನಾನು ಕಾಮರ್ಸಿನವ, ಸಾಹಿತ್ಯ ವಿಮರ್ಶೆ ಮಾಡುವ ಅಧಿಕಾರ ನನಗಿಲ್ಲ. ಆದರೆ ಲೆಕ್ಕ ಕೇಳುವ ಅಧಿಕಾರವಂತೂ ಉಂಟಲ್ಲ?

ಮೊದಲು ಒಂದು ಮಾತು ಒಪ್ಪಿಕೊಂಡುಬಿಡೋಣ. ಸೂಚನೆ ತಂದ ಗೆಳೆಯರು ದಡ್ಡರಲ್ಲ. ಮೇಲುನೋಟದ ಲೆಕ್ಕ ಅವರ ಕಡೆಗೇ ಇದೆ. ಹೋದ ವರ್ಷ ಪುಸ್ತಕದ ರಿಜಿಸ್ಟರಿನಲ್ಲಿ ಒಂದು ಪುಟವೂ ಪೂರ್ತಿ ತುಂಬಿಲ್ಲ. ಸಿನೆಮಾ ಹಾಕಿದ ದಿನ ಕೂರಲು ಜಾಗವಿರಲಿಲ್ಲ. ಕನ್ನಡ ಬಾರದ ಮರಾಠಿ ಗೆಳೆಯರೂ ಬಾಗಿಲ ಹತ್ತಿರ ನಿಂತು ನೋಡಿದರು. ಗಿರಾಕಿ ಇರುವ ಕಡೆ ಬಂಡವಾಳ ಹಾಕಬೇಕು ಎನ್ನುವುದು ವ್ಯಾಪಾರದ ಧರ್ಮ. ಇದಕ್ಕೆ ಎದುರು ಮಾತಾಡುವ ಹಿರಿಯರು ಏನು ಹೇಳ್ತಾರೆ? ‘ಈ ಸಿನೆಮಾದಿಂದಲೇ ಓದು ಹಾಳಾಯ್ತು’ ಅಂತ. ಅಂದರೆ ಎರಡೂ ಪಕ್ಷದವರು ಒಂದೇ ನಂಬಿಕೆಯ ಮೇಲೆ ನಿಂತಿದ್ದಾರೆ: ಪುಸ್ತಕ, ಸಿನೆಮಾ ಅಂದರೆ ಚಾ ಮತ್ತು ಕಾಫಿ, ಒಂದು ಬಂದರೆ ಇನ್ನೊಂದು ಹೋಗಲೇಬೇಕು.

ಕನ್ನಡದ ಮಟ್ಟಿಗೆ ಇದು ಪೂರ್ತಿ ಸುಳ್ಳು ಅನ್ನುವುದು ನನ್ನ ವಾದ.

ಹಳೆಯ ಲೆಕ್ಕವನ್ನು ಸ್ವಲ್ಪ ತೆಗೆದು ನೋಡಿ. 1967ರಲ್ಲಿ ಪುಟ್ಟಣ್ಣ ಕಣಗಾಲರು ‘ಬೆಳ್ಳಿಮೋಡ’ ಮಾಡಿದರು. ಅದು ತ್ರಿವೇಣಿಯವರ ಕಾದಂಬರಿ. 1971ರ ‘ಶರಪಂಜರ’ವೂ ತ್ರಿವೇಣಿಯವರದೇ. ‘ಗೆಜ್ಜೆಪೂಜೆ’ ಎಂ. ಕೆ. ಇಂದಿರಾ ಅವರದು. 1972ರಲ್ಲಿ ಬಂದ ‘ಬಂಗಾರದ ಮನುಷ್ಯ’ ಟಿ. ಕೆ. ರಾಮರಾಯರ ಕಾದಂಬರಿ, ಅದೇ ವರ್ಷದ ‘ನಾಗರಹಾವು’ ತ.ರಾ.ಸು. ಅವರದು. ಇನ್ನೊಂದು ಕಡೆ 1970ರಲ್ಲಿ ‘ಸಂಸ್ಕಾರ’, ಆಮೇಲೆ ಭೈರಪ್ಪನವರ ‘ವಂಶವೃಕ್ಷ’, 1973ರಲ್ಲಿ ಆಲನಹಳ್ಳಿಯವರ ‘ಕಾಡು’, 1975ರಲ್ಲಿ ಕಾರಂತರ ‘ಚೋಮನ ದುಡಿ’, 1977ರಲ್ಲಿ ಅನಂತಮೂರ್ತಿಯವರ ಕಥೆಯಿಂದ ‘ಘಟಶ್ರಾದ್ಧ’. ನೂರಾರು ದಿನ ಓಡಿದ ಚಿತ್ರಗಳೂ ಇದರಲ್ಲಿವೆ, ಸ್ವರ್ಣಕಮಲ ಪಡೆದ ಚಿತ್ರಗಳೂ ಇವೆ. ಎರಡು ಬಗೆಯವರೂ ಕಥೆ ಬೇಕಾದಾಗ ಹೋದದ್ದು ಪುಸ್ತಕದ ಅಂಗಡಿಗೇ.

ಆಗಿನ ಏರ್ಪಾಡು ಹೇಗಿತ್ತು ನೋಡಿ. ಕಾದಂಬರಿ ಮೊದಲು ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರುವುದು. 1965ರಲ್ಲಿ ಶುರುವಾದ ‘ಸುಧಾ’, 1983ರಲ್ಲಿ ಮಣಿಪಾಲದಿಂದ ಹೊರಟ ‘ತರಂಗ’ ಇಂಥ ಪತ್ರಿಕೆಗಳು ಮನೆಗೆ ಬರುವ ದಿನ ಅತ್ತೆ-ಸೊಸೆಯರಲ್ಲಿ ಯಾರು ಮೊದಲು ಓದುವುದು ಅಂತ ಪೈಪೋಟಿ ನಡೆಯುತ್ತಿತ್ತೆಂದು ನಮ್ಮಮ್ಮ ಈಗಲೂ ಹೇಳ್ತಾರೆ. ಆಮೇಲೆ ಅದೇ ಪುಸ್ತಕವಾಗಿ ದಿನಬಾಡಿಗೆಯ ಲೈಬ್ರರಿಗೆ ಬರುವುದು. ಅಲ್ಲಿ ಕೈಯಿಂದ ಕೈಗೆ ದಾಟಿ ಹೆಸರು ಮಾಡಿದ ಮೇಲೆ ನಿರ್ಮಾಪಕನ ಕಣ್ಣಿಗೆ ಬೀಳುವುದು. ಅವನಿಗೆ ಲಾಭವೇನು? ಕಥೆ ಪರೀಕ್ಷೆಯಲ್ಲಿ ಪಾಸಾಗಿಯೇ ಬಂದಿದೆ; ಓದಿದವರೆಲ್ಲ ಮೊದಲ ವಾರವೇ ಟಿಕೇಟು ತೆಗೆಯುತ್ತಾರೆ. ಲೇಖಕನಿಗೆ ಲಾಭವೇನು? ಸಿನೆಮಾ ನೋಡಿದವರು ‘ಇದರ ಪುಸ್ತಕ ಉಂಟಂತೆ’ ಅಂತ ಕೇಳಿಕೊಂಡು ಬರುತ್ತಾರೆ. ತ್ರಿವೇಣಿಯವರು ತೀರಿಕೊಂಡದ್ದು 1963ರಲ್ಲಿ. ‘ಬೆಳ್ಳಿಮೋಡ’ವನ್ನಾಗಲಿ ‘ಶರಪಂಜರ’ವನ್ನಾಗಲಿ ತೆರೆಯ ಮೇಲೆ ನೋಡುವ ಯೋಗ ಅವರಿಗಿರಲಿಲ್ಲ. ಆದರೆ ಕಲ್ಪನಾ ಅವರ ಕಾವೇರಿಯನ್ನು ನೋಡಿ ಅತ್ತವರಲ್ಲಿ ಎಷ್ಟೋ ಮಂದಿ ಆಮೇಲೆ ತ್ರಿವೇಣಿಯವರ ಓದುಗರಾದರು; ಆ ಕಾದಂಬರಿಗಳು ಇಂದಿಗೂ ಮರುಮುದ್ರಣವಾಗುತ್ತಿವೆ. ಇಬ್ಬರ ಖಾತೆಯಲ್ಲೂ ಜಮಾ. ಇದು ಚಾ-ಸಕ್ಕರೆಯ ಸಂಬಂಧವಲ್ಲದೆ ಮತ್ತೇನು?

ಇದಕ್ಕಿಂತ ಸ್ವಾರಸ್ಯದ ಸಂಗತಿ ಇನ್ನೊಂದಿದೆ. ಅನಂತಮೂರ್ತಿಯವರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಓದುತ್ತಿದ್ದಾಗ ಬರ್ಗ್‌ಮನ್ ಎಂಬ ನಿರ್ದೇಶಕನ ‘ದಿ ಸೆವೆಂತ್ ಸೀಲ್’ (1957) ಎಂಬ ಸ್ವೀಡಿಷ್ ಚಿತ್ರವನ್ನು ನೋಡಿದರಂತೆ, ಅದೂ ಸಬ್‌ಟೈಟಲ್ ಇಲ್ಲದೆ. ಭಾಷೆ ಅರ್ಥವಾಗದ ಆ ಚಿತ್ರ ಮನಸ್ಸನ್ನು ಕಲಕಿದ್ದರಿಂದಲೇ ‘ಸಂಸ್ಕಾರ’ ಬರೆಯುವಂತಾಯಿತು ಎಂದು ಅವರೇ ಹೇಳಿಕೊಂಡಿದ್ದಾರೆ. ಆ ಚಿತ್ರದಲ್ಲೂ ಪ್ಲೇಗು ಇದೆ, ‘ಸಂಸ್ಕಾರ’ದಲ್ಲೂ ಪ್ಲೇಗು ಇದೆ. 1965ರಲ್ಲಿ ಕಾದಂಬರಿ ಬಂತು. ಅದನ್ನು ಸಿನೆಮಾ ಮಾಡಿದವರು ಯಾರು? ತೆಲುಗಿನ ಕವಿ ಪಟ್ಟಾಭಿರಾಮ ರೆಡ್ಡಿ. ಕ್ಯಾಮೆರಾ ಹಿಡಿದ ಟಾಮ್ ಕೋವನ್ ಆಸ್ಟ್ರೇಲಿಯಾದವರು. ಒಂದು ಸಿನೆಮಾದಿಂದ ಒಂದು ಕಾದಂಬರಿ, ಆ ಕಾದಂಬರಿಯಿಂದ ಮತ್ತೊಂದು ಸಿನೆಮಾ! ಸೆನ್ಸಾರಿನವರು ಮೊದಲು ತಡೆದರೂ ಕೊನೆಗೆ ಅದು ಬಿಡುಗಡೆಯಾಗಿ ಕನ್ನಡಕ್ಕೆ ಸ್ವರ್ಣಕಮಲ ತಂದಿತು. ಸಿನೆಮಾ ಓದಿನ ಶತ್ರು ಅಂತ ಹೇಳುವ ಹಿರಿಯರು ಈ ಕಥೆಯನ್ನು ಎಲ್ಲಿಟ್ಟುಕೊಳ್ಳುತ್ತಾರೆ?

ಇಷ್ಟು ಕೇಳಿ ಸೂಚನೆ ತಂದ ಗೆಳೆಯರು, ‘ನೋಡಿದಿರಾ, ನೀವೂ ಸಿನೆಮಾ ಪಕ್ಷವೇ! ಇಷ್ಟೆಲ್ಲ ಕಾದಂಬರಿಗಳು ತೆರೆಯ ಮೇಲೇ ಸಿಗುವಾಗ ಕಪಾಟು ಯಾಕೆ ಮಾರಾಯ್ರೆ?’ ಅನ್ನಬಹುದು. ಇಲ್ಲಿಯೇ ನಾನು ಅವರಿಂದ ಬೇರೆಯಾಗುವುದು. ನೋಡಿದರೆ ಓದಿದ ಹಾಗೆ ಆಗುವುದಿಲ್ಲ.

‘ನಾಗರಹಾವು’ವನ್ನೇ ತೆಗೆದುಕೊಳ್ಳಿ. ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಸೇರಿಸಿ ಒಂದು ಚಿತ್ರ ಮಾಡಿದ್ದು ಅದು. ಮೂರು ಪುಸ್ತಕ ಮೂರು ತಾಸಿನೊಳಗೆ ಹಿಡಿಯಬೇಕಾದರೆ ಏನೇನು ಹೊರಗೆ ಉಳಿದಿರಬೇಡ? ವಿಷ್ಣುವರ್ಧನರ ರಾಮಾಚಾರಿ ಕನ್ನಡಿಗರ ಮನೆಮಾತಾದ. ಆದರೂ ಚಿತ್ರ ಕಂಡು ತ.ರಾ.ಸು. ಅವರಿಗೆ ಸಮಾಧಾನವಾಗಿರಲಿಲ್ಲ ಎಂಬ ಮಾತನ್ನು ಹಳಬರು ಇಂದಿಗೂ ಹೇಳುತ್ತಾರೆ. ಯಾರು ಸರಿ ಎನ್ನುವುದು ನನ್ನ ಪ್ರಶ್ನೆಯಲ್ಲ. ಪುಟ್ಟಣ್ಣನವರ ರಾಮಾಚಾರಿ ಒಬ್ಬ, ತ.ರಾ.ಸು. ಅವರ ರಾಮಾಚಾರಿ ಇನ್ನೊಬ್ಬ. ಇಬ್ಬರನ್ನೂ ಕಂಡವನಿಗೆ ಮಾತ್ರ ಈ ಜಗಳದಲ್ಲಿ ಬಾಯಿ ಹಾಕುವ ಹಕ್ಕು.

ಇನ್ನೊಂದು ಉದಾಹರಣೆ. ನಮ್ಮ ಕುಂದಾಪುರದವರೇ ಆದ ವೈದೇಹಿಯವರ ಕಥೆಯಲ್ಲಿ ಸಣ್ಣ ಊರಿಗೆ ಒಂದು ಟಾಕೀಸು ಬರುತ್ತದೆ, ಅದರಿಂದ ಊರ ಹೆಂಗಸರ ಬದುಕಿನಲ್ಲಿ ಅಲೆಗಳೇಳುತ್ತವೆ. ಗಿರೀಶ ಕಾಸರವಳ್ಳಿಯವರು 2008ರಲ್ಲಿ ಅದನ್ನು ‘ಗುಲಾಬಿ ಟಾಕೀಸು’ ಮಾಡಿದಾಗ ಟಾಕೀಸಿನ ಬದಲು ಗುಲಾಬಿಯ ಮನೆಗೆ ಬಣ್ಣದ ಟಿ.ವಿ. ಬಂತು, ಮೀನುಗಾರರ ಕೇರಿ, ಬದಲಾದ ಕಾಲ, ಜಾತಿ-ಮತದ ಸಂಶಯ ಎಲ್ಲ ಬಂದವು. ಉಮಾಶ್ರೀ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಒಳ್ಳೆಯ ಚಿತ್ರವೇ. ಆದರೆ ಚಿತ್ರ ನೋಡಿ ಕಥೆ ಗೊತ್ತಾಯಿತು ಅಂದರೆ ಹೇಗೆ? ಎರಡು ಬೇರೆ ಬೇರೆ ಕಾಲದ ಎರಡು ಬೇರೆ ಬೇರೆ ಕೃತಿಗಳು ಅವು.

ಬಾನು ಮುಷ್ತಾಕ್ ಅವರ ‘ಕರಿನಾಗರಗಳು’ ಕಥೆ 2004ರಲ್ಲಿ ‘ಹಸೀನಾ’ ಎಂಬ ಚಿತ್ರವಾಗಿ ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ತಂದಿತ್ತು. ಆಗ ನಾವು ಹುಟ್ಟಿದ್ದೇವೋ ಇಲ್ಲವೋ ಎಂಬ ಕಾಲ. ಅದೇ ಕಥೆ ದೀಪಾ ಭಾಸ್ತಿಯವರ ಅನುವಾದದಲ್ಲಿ ‘ಹಾರ್ಟ್ ಲ್ಯಾಂಪ್’ ಪುಸ್ತಕದೊಳಗೆ ಸೇರಿ 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಹುಮಾನ ಪಡೆಯಿತು. ಚಿತ್ರ ಬಂದು ಇಪ್ಪತ್ತೊಂದು ವರ್ಷವಾದ ಮೇಲೂ ಪುಸ್ತಕಕ್ಕೆ ದಾರಿ ನಡೆಯುವ ಶಕ್ತಿ ಉಳಿದಿತ್ತು ಎನ್ನುವುದನ್ನು ಮರೆಯಬಾರದು.

ಹಾಗಂತ ‘ಪುಸ್ತಕವೇ ಶ್ರೇಷ್ಠ, ಸಿನೆಮಾ ಅಂದರೆ ಬರೀ ಸುಲಿದ ಬಾಳೆಹಣ್ಣು’ ಎನ್ನುವ ಬುದ್ಧಿವಂತರ ಸಾಲಿನಲ್ಲಿ ನಾನು ನಿಲ್ಲಲಾರೆ. ಚೋಮ ದುಡಿ ಬಾರಿಸುತ್ತಾನೆ ಅಂತ ಪುಸ್ತಕದಲ್ಲಿ ಓದಬಹುದು. ಆ ದುಡಿಯ ಸದ್ದು ಕಿವಿಗೆ ಬೀಳಬೇಕಾದರೆ ಬಿ. ವಿ. ಕಾರಂತರೇ ಬೇಕಾಯಿತು. ಬೇಸಾಯಕ್ಕೆ ಒಂದು ತುಂಡು ಭೂಮಿ ಬೇಕು ಎಂಬ ಆಸೆ ಎಂ. ವಿ. ವಾಸುದೇವರಾಯರ ಮುಖದಲ್ಲಿ ಕಂಡ ಹಾಗೆ ಅಕ್ಷರದಲ್ಲಿ ಕಾಣಿಸುವುದು ಕಷ್ಟ. ತೇಜಸ್ವಿಯವರ ‘ತಬರನ ಕಥೆ’ ಚಿತ್ರವಾದಾಗ ಚಾರುಹಾಸನ್ ಅವರ ತಬರ ಪೆನ್ಶನ್ನಿಗಾಗಿ ಒಂದೊಂದೇ ಟೇಬಲಿನ ಮುಂದೆ ನಿಲ್ಲುವುದನ್ನು ಕಂಡ ಮೇಲೆ, ಫೈಲು ಎಂಬ ಶಬ್ದ ಆಫೀಸ್ ಮ್ಯಾನೇಜ್‌ಮೆಂಟಿನ ಪಾಠದಲ್ಲಿ ಬಂದಾಗಲೆಲ್ಲ ನನಗೆ ಆ ಮುದುಕನ ಮುಖವೇ ಎದುರಾಗುತ್ತದೆ. ಸಿನೆಮಾ ಮಾಡುವ ಕೆಲಸ ಬೇರೆ.

ಆದರೆ ಪುಸ್ತಕಕ್ಕಷ್ಟೇ ಸಾಧ್ಯವಾದ ಕೆಲಸವೂ ಇದೆ. ಯಶವಂತ ಚಿತ್ತಾಲರ ‘ಶಿಕಾರಿ’ (1979) ನಮ್ಮ ಮುಂಬಯಿಯ ಕಾದಂಬರಿ. ಕಂಪೆನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿರುವ ನಾಗಪ್ಪನನ್ನು ಸಸ್ಪೆಂಡ್ ಮಾಡುತ್ತಾರೆ. ಯಾಕೆ, ಯಾರ ಪಿತೂರಿ ಅಂತ ಅವನು ತಲೆ ಕೆಡಿಸಿಕೊಳ್ಳುತ್ತಾ ಹೋಗುತ್ತಾನೆ. ಪುಸ್ತಕದ ತುಂಬ ಇರುವುದು ಅವನ ತಲೆಯೊಳಗಿನ ಗದ್ದಲ. ಮುಂದೆ ಇಂಥದೇ ಕಂಪೆನಿಗಳಲ್ಲಿ ಕೆಲಸಕ್ಕೆ ಸೇರಲಿರುವ ನಾವು ಬಿ.ಕಾಂ.ನ ಯಾವ ಪಠ್ಯಪುಸ್ತಕಕ್ಕಿಂತಲೂ ಮೊದಲು ಓದಬೇಕಾದದ್ದು ಅದು. ಆ ಗದ್ದಲವನ್ನು ಯಾವ ಕ್ಯಾಮೆರಾ ಹಿಡಿದೀತು? ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು 2010ರಲ್ಲಿ ಮೈಸೂರಿನಲ್ಲಿ ರಂಗಕ್ಕೆ ತಂದಾಗ ಇಡೀ ರಾತ್ರಿ, ಒಂಬತ್ತು ತಾಸು ಬೇಕಾಯಿತು. ಕೆಲವು ಪುಸ್ತಕಗಳು ತಮ್ಮ ಸಮಯವನ್ನು ಕೇಳಿಯೇ ಕೇಳುತ್ತವೆ.

ಹಾಗಾದರೆ ಚಾ-ಸಕ್ಕರೆಯ ಸಂಬಂಧ ಕೆಟ್ಟದ್ದು ಯಾವಾಗ? ನನಗೆ ಕಾಣುವಂತೆ ಎರಡೂ ಕಡೆ ಒಟ್ಟಿಗೇ ಕೆಟ್ಟಿತು. ಟಿ.ವಿ. ಧಾರಾವಾಹಿ ಬಂದ ಮೇಲೆ ವಾರಪತ್ರಿಕೆಯ ಧಾರಾವಾಹಿಗೆ ಕಾಯುವವರು ಕಡಿಮೆಯಾದರು. ದಿನಬಾಡಿಗೆಯ ಲೈಬ್ರರಿಗಳು ಒಂದೊಂದಾಗಿ ಝೆರಾಕ್ಸ್ ಅಂಗಡಿ, ಮೊಬೈಲ್ ಅಂಗಡಿಗಳಾದವು. ಅತ್ತ ಸಿನೆಮಾದವರು ಬೇರೆ ಭಾಷೆಯ ಗೆದ್ದ ಚಿತ್ರಗಳ ರೀಮೇಕಿಗೆ ಹೊರಟರು. ಆಮೇಲೆ ತಾವೇ ಕಥೆ ಬರೆದುಕೊಳ್ಳತೊಡಗಿದರು. ‘ಕೆ.ಜಿ.ಎಫ್.’ (2018), ‘ಕಾಂತಾರ’ (2022) ದೇಶವೆಲ್ಲ ನೋಡಿದ ಚಿತ್ರಗಳು, ನಮಗೆಲ್ಲ ಹೆಮ್ಮೆಯೇ. ಆದರೆ ಥಿಯೇಟರಿನಿಂದ ಹೊರಗೆ ಬಂದವನು ‘ಇದರ ಪುಸ್ತಕ ಯಾವುದು?’ ಅಂತ ಕೇಳಿದರೆ ಕೊಡಲು ಕಾದಂಬರಿ ಇಲ್ಲ. ‘ಕಾನೂರು ಹೆಗ್ಗಡಿತಿ’ (1999), ನಾ. ಡಿಸೋಜರ ‘ದ್ವೀಪ’ (2002), ತೇಜಸ್ವಿಯವರ ‘ಕಿರಗೂರಿನ ಗಯ್ಯಾಳಿಗಳು’ (2016), ಕಾರಂತರ ‘ಮೂಕಜ್ಜಿಯ ಕನಸುಗಳು’ (2019), ಹೀಗೆ ನಡುನಡುವೆ ಹಳೆಯ ನಂಟು ನೆನಪಾಗುತ್ತದೆ, ಅಷ್ಟೆ.

ಮತ್ತೆ ನಮ್ಮ ದಿನಚರಿ. ಡೊಂಬಿವಲಿಯಿಂದ ಕಾಲೇಜಿಗೆ ಹೋಗಲು ಒಂದು ತಾಸು, ಬರಲು ಒಂದು ತಾಸು. ವಾರಕ್ಕೆ ಹನ್ನೆರಡು ತಾಸು, ಅಂದರೆ ಒಂದು ದಪ್ಪ ಕಾದಂಬರಿ. ಆದರೆ ಬೆಳಗಿನ ಲೋಕಲಿನಲ್ಲಿ ಕೈ ಎತ್ತಲೇ ಜಾಗವಿಲ್ಲದಾಗ ಪುಸ್ತಕ ಬಿಡಿಸುವುದು ಎಲ್ಲಿ ಬಂತು? ಕೈಯಲ್ಲಿ ಮೊಬೈಲು, ಅದರಲ್ಲಿ ಅರ್ಧ ನಿಮಿಷದ ತುಣುಕುಗಳು. ಇದಕ್ಕೆ ನಮ್ಮನ್ನು ಬೈದು ಪ್ರಯೋಜನವಿಲ್ಲ. ಅದೇ ಮೊಬೈಲಿನಲ್ಲಿ ಕನ್ನಡದ ಇ-ಪುಸ್ತಕವೂ ಸಿಗುತ್ತದೆ, ಕೇಳುವ ಪುಸ್ತಕವೂ ಸಿಗುತ್ತದೆ. ಪುಸ್ತಕಕ್ಕೆ ನಿಜವಾದ ಬದಲಿ ಸರಕು ಯಾವುದು ಅಂತ ಹುಡುಕಿದರೆ ಅದು ಮೂರು ತಾಸು ಕೂತು ನೋಡುವ ಸಿನೆಮಾ ಅಲ್ಲವೇ ಅಲ್ಲ, ಈ ಅರ್ಧ ನಿಮಿಷದ ತುಣುಕು. ಅದರ ಎದುರು ಪುಸ್ತಕವೂ ಸೋಲುತ್ತಿದೆ, ಸಿನೆಮಾವೂ ಸೋಲುತ್ತಿದೆ. ಒಂದೇ ದೋಣಿಯಲ್ಲಿ ಕೂತವರು ಒಬ್ಬರನ್ನೊಬ್ಬರು ನೀರಿಗೆ ನೂಕುವುದೇಕೆ?

ಇನ್ನೊಂದು ಆಕ್ಷೇಪಣೆ ಬಲವಾದದ್ದು. ಗೆಳತಿಯೊಬ್ಬಳು ಕೇಳಿದಳು: ‘ನಿನ್ನ ಅಜ್ಜಿಗೆ ಓದು ಬರ್ತಿತ್ತಾ? ರಾತ್ರಿಯಿಡೀ ಯಕ್ಷಗಾನ ನೋಡಿಯೇ ಅವರಿಗೆ ಮಹಾಭಾರತ ಪೂರ್ತಿ ಗೊತ್ತಿರಲಿಲ್ಲವಾ? ನಾವು ನೋಡಿ ಕಲಿತರೆ ತಪ್ಪೇನು?’ ಸರಿಯಾದ ಮಾತು. ನನ್ನ ಅಜ್ಜಿಗೆ ಹೆಬ್ಬೆಟ್ಟು. ಕರ್ಣನ ವಿಷಯದಲ್ಲಿ ಮಾತ್ರ ನನ್ನ ಮೇಷ್ಟ್ರಿಗೂ ಸೋಲುತ್ತಿರಲಿಲ್ಲ. ಆದರೆ ಆ ರಂಗದ ಹಿಂದೆ ಯಾರಿದ್ದರು ನೋಡಿ. ಪ್ರಸಂಗದ ಪುಸ್ತಕ ಹಿಡಿದ ಭಾಗವತರಿದ್ದರು. ಭಾರತ, ಭಾಗವತ ಓದಿ ಅರ್ಥ ಹೇಳುವ ಅರ್ಥಧಾರಿಗಳಿದ್ದರು. ಅಜ್ಜಿ ಓದದಿದ್ದರೂ ನಡೆದದ್ದು ಅವಳ ಪರವಾಗಿ ಓದಿದವರು ಇದ್ದುದರಿಂದ. ಸರಪಳಿಯಲ್ಲಿ ಎಲ್ಲಿಯೋ ಒಂದು ಕಡೆ ಓದುವವನಿರಲೇಬೇಕು. ಯಾರೂ ಓದುವುದೇ ಇಲ್ಲ ಎಂದಾದರೆ ನಾಳೆ ಸಿನೆಮಾ ಮಾಡುವವನಿಗಾದರೂ ಕಥೆ ಎಲ್ಲಿಂದ ಬರಬೇಕು?

ಇನ್ನು ನನಗೆ ನಿಜವಾಗಿ ಸಂಕಟ ಕೊಡುವ ಮಾತು. ಬೆಂಗಳೂರಿನ ಕಾಲೇಜೊಂದು ಕಪಾಟು ದಾನ ಮಾಡಿದರೆ ಅಂಥ ನಷ್ಟವಿಲ್ಲ. ಹೊರಗೆ ಬಂದರೆ ಬಸ್ಸಿನ ಬೋರ್ಡು, ಅಂಗಡಿಯ ಹಲಗೆ ಎಲ್ಲವೂ ಕನ್ನಡವೇ. ಇಲ್ಲಿ ಹಾಗಲ್ಲ. ನಾನು ಹತ್ತನೆಯವರೆಗೆ ಊರಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಬಂದವ. ನನ್ನ ಮಾವನ ಮಗಳು ಇಲ್ಲೇ ಹುಟ್ಟಿದವಳು. ಮನೆಯಲ್ಲಿ ಕುಂದಾಪುರ ಕನ್ನಡ ಪಟಪಟ ಮಾತಾಡುತ್ತಾಳೆ. ‘ಕಾಂತಾರ’ವನ್ನು ಮೂರು ಸಲ ನೋಡಿದ್ದಾಳೆ, ಸಬ್‌ಟೈಟಲ್ ಓದಿ ನಗುವವರಿಗಿಂತ ಒಂದು ಗಳಿಗೆ ಮೊದಲೇ ನಗುತ್ತಾಳೆ. ಆದರೆ ಊರಿಂದ ಮದುವೆಯ ಕಾಗದ ಬಂದರೆ ನನ್ನ ಕೈಗೆ ಕೊಟ್ಟು, ‘ಭಾವ, ಯಾವ ಹಾಲು, ಎಷ್ಟು ಗಂಟೆಗೆ ಅಂತ ಓದಿ ಹೇಳು’ ಅನ್ನುತ್ತಾಳೆ. ನಮ್ಮ ಸಂಘದ ಸದಸ್ಯರಲ್ಲಿ ಅವಳ ಹಾಗಿನವರು ಎಷ್ಟು ಮಂದಿ ಇದ್ದಾರೆ ಅಂತ ನಮಗೆಲ್ಲ ಗೊತ್ತು. ಈ ಲೇಖನವನ್ನೂ ಅವರಿಗೆ ಯಾರಾದರೂ ಓದಿ ಹೇಳಬೇಕು.

ಸಿನೆಮಾ ಇವರ ಕಿವಿಯಲ್ಲಿ ಕನ್ನಡವನ್ನು ಉಳಿಸಿದೆ. ಅದು ದೊಡ್ಡ ಉಪಕಾರ, ಇಲ್ಲ ಅನ್ನಲಾರೆ. ಆದರೆ ಅಕ್ಷರ ಕಲಿಸುವುದು ಸಿನೆಮಾದ ಕೈಲಾಗದು. ಓದು ಬಾರದವರ ಮಕ್ಕಳಿಗೆ ಮಾತಾದರೂ ಎಷ್ಟು ಉಳಿದೀತು? ಕಪಾಟು ಹೋದರೆ ನಮ್ಮ ಕಾಲೇಜಿನ ನಾಲ್ಕು ಗೋಡೆಯೊಳಗೆ ಕನ್ನಡದ ಅಕ್ಷರ ಕಾಣುವ ಕೊನೆಯ ಜಾಗವೂ ಹೋಗುತ್ತದೆ. ಬ್ಯಾಲೆನ್ಸ್ ಶೀಟಿನಲ್ಲಿ ಈ ನಷ್ಟವನ್ನು ಯಾವ ಕಡೆ ತೋರಿಸುತ್ತೀರಿ?

ಬರೀ ದೂರು ಹೇಳಿ ಮುಗಿಸಬಾರದು. ರಿಜಿಸ್ಟರು ಖಾಲಿ ಎನ್ನುವವರಿಗೆ ಒಂದು ಸಂಗತಿ ನೆನಪಿಸುತ್ತೇನೆ. ನಾವು ‘ನಾಗರಹಾವು’ ತೋರಿಸಿದ ಮರುವಾರ ಮೂವರು ಬಂದು ಪುಸ್ತಕ ಕೇಳಿದರು. ಕಪಾಟಿನಲ್ಲಿ ಅದು ಇರಲಿಲ್ಲ. ಅವರು ಹಿಂದೆ ಹೋದರು. ಇದಕ್ಕೆ ಬೇಡಿಕೆ ಇಲ್ಲ ಅನ್ನುತ್ತಾರೋ, ಪೂರೈಕೆ ಇಲ್ಲ ಅನ್ನುತ್ತಾರೋ? ಆದ್ದರಿಂದ ನನ್ನ ತಿದ್ದುಪಡಿ ಹೀಗಿದೆ:

ಒಂದು, ಸಿನೆಮಾ ತೋರಿಸೋಣ, ತಿಂಗಳಿಗೊಂದರಂತೆ ಧಾರಾಳವಾಗಿ ತೋರಿಸೋಣ. ಆದರೆ ಕನ್ನಡ ಕಥೆ-ಕಾದಂಬರಿಯಿಂದ ಬಂದ ಚಿತ್ರಗಳನ್ನೇ ಆರಿಸೋಣ. ಅದರ ಪುಸ್ತಕದ ಮೂರು ಪ್ರತಿಯಾದರೂ ಕಪಾಟಿಗೆ ಬಂದ ಮೇಲೆಯೇ ಚಿತ್ರದ ತಾರೀಖು ಗೊತ್ತುಮಾಡೋಣ. ಬೇಕಾದರೆ ಕಲೀನಾದಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವಿದೆ, ಹೋಗಿ ಸಲಹೆ ಕೇಳೋಣ.

ಎರಡು, ಚಿತ್ರದ ಹಿಂದಿನ ವಾರ ಅರ್ಧ ತಾಸು ಆ ಪುಸ್ತಕವನ್ನು ಗಟ್ಟಿಯಾಗಿ ಓದೋಣ. ಓದು ಬಾರದವರು ಕೇಳಲಿ. ಚಿತ್ರ ಮುಗಿದ ಮೇಲೆ ಯಾವುದು ಬಿಟ್ಟುಹೋಯಿತು, ಯಾವುದು ಹೊಸದಾಗಿ ಬಂತು ಅಂತ ಜಗಳವಾಡೋಣ. ಇಂಥ ಜಗಳಕ್ಕಿಂತ ಒಳ್ಳೆಯ ವಿಮರ್ಶೆ ಬೇರೆ ಬೇಕಿಲ್ಲ.

ಮೂರು, ಅಕ್ಷರ ಕಲಿಯಬೇಕೆನ್ನುವವರಿಗೆ ಶನಿವಾರ ಮಧ್ಯಾಹ್ನ ಒಂದು ತಾಸು ಕಲಿಸಲು ನಾನು ತಯಾರು. ನನ್ನಂತೆ ಕನ್ನಡ ಶಾಲೆಯಿಂದ ಬಂದವರು ಇನ್ನೂ ಇಬ್ಬರು ಒಪ್ಪಿದ್ದಾರೆ. ಇದಕ್ಕೆ ಸಂಘದಿಂದ ಒಂದು ಪೈಸೆಯೂ ಬೇಡ. ಒಂದು ಹಲಗೆ, ಒಂದು ತುಂಡು ಬಳಪ ಸಾಕು. ಮಾವನ ಮಗಳು ಈಗಾಗಲೇ ಹೆಸರು ಕೊಟ್ಟಿದ್ದಾಳೆ. ಮೊದಲು ಓದಬೇಕಾದ ಪುಸ್ತಕ ಯಾವುದು ಅಂತ ಕೇಳಿದ್ದಕ್ಕೆ, ಮದುವೆಯ ಕಾಗದದಿಂದ ಶುರು ಮಾಡೋಣ ಅಂದಿದ್ದೇನೆ.

ಸಭೆಗೆ ದಯವಿಟ್ಟು ಎಲ್ಲರೂ ಬನ್ನಿ. ಕಪಾಟಿನ ಕೀಲಿಕೈ ಸದ್ಯಕ್ಕೆ ನನ್ನ ಹತ್ತಿರವೇ ಇದೆ. ಅದಕ್ಕೆ ಮೊದಲು ಯಾರಿಗಾದರೂ ಪುಸ್ತಕ ಬೇಕಾದರೆ ಎರಡನೆಯ ಲೆಕ್ಚರು ಮುಗಿದ ಮೇಲೆ ಕ್ಯಾಂಟೀನಿನಲ್ಲಿ ಸಿಗುತ್ತೇನೆ.